ತನಿಖೆಯ ಮೊದಲ ಪಾಠ: ರಾತ್ರಿ ಕನ್ನ ಕಳವಿನ ಒಂದು ಕೇಸನ್ನು ಎಲ್ಲಿಂದ ಹಿಡಿಯಬೇಕು?

ಕಡೂರು_ಓದುಗ

ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ಕಲಂಗಳು ಬಾಯಿಪಾಠ ಇರುತ್ತವೆ, ಕೆಲಸದ ಕ್ರಮ ಮಾತ್ರ ಎಲ್ಲೂ ಒಂದೇ ಕಡೆ ಸಿಗುವುದಿಲ್ಲ. ಹಾಗಾಗಿ ಒಂದು ಉದಾಹರಣೆ ಇಟ್ಟು ಕೇಳುತ್ತೇನೆ. ಮನೆಯವರು ಊರಿಗೆ ಹೋಗಿದ್ದಾರೆ. ರಾತ್ರಿ ಹಿಂಬಾಗಿಲು ಮೀಟಿ, ಕಿಟಕಿ ಗಾಜು ಒಡೆದು, ಬೀರುವಿನ ಒಡವೆ ಒಯ್ದಿದ್ದಾರೆ. ಬೆಳಿಗ್ಗೆ 7ಕ್ಕೆ ಪಕ್ಕದ ಮನೆಯವರು ನೋಡಿ 112ಕ್ಕೆ ಫೋನ್ ಮಾಡುತ್ತಾರೆ. ಅಲ್ಲಿಂದ ಚಾರ್ಜ್‌ಶೀಟ್ ತನಕ ಯಾವುದಾದ ಮೇಲೆ ಯಾವುದು? ಕೇಸು ಸಾಮಾನ್ಯವಾಗಿ ಎಲ್ಲಿ ಬಿದ್ದುಹೋಗುತ್ತದೆ?

ಠಾಣೆ_ಬರಹ

ಮೊದಲು ಗಡಿಯಾರ, ಆಮೇಲೆ ಕಲಂ. 112 ಕರೆಯ ಹೊತ್ತು ತಾನಾಗಿಯೇ ದಾಖಲಾಗುತ್ತದೆ. ಗಾಡಿ ಸ್ಥಳಕ್ಕೆ ಬಂದದ್ದು, ಎಫ್‌ಐಆರ್ ಆದದ್ದು, ಅದು ಮ್ಯಾಜಿಸ್ಟ್ರೇಟರ ಕೈ ಸೇರಿದ್ದು, ಮಹಜರು (ಪಂಚರು, ಅಂದರೆ ಹೊರಗಿನ ಸಾಕ್ಷಿಗಳ ಮುಂದೆ ಸ್ಥಳದಲ್ಲಿ ಕಂಡದ್ದನ್ನು ಬರೆಯುವ ದಾಖಲೆ) ಶುರುವಾಗಿ ಮುಗಿದದ್ದು, ಈ ಐದೂ ಹೊತ್ತು ಒಂದಕ್ಕೊಂದು ತಾಳೆಯಾಗಬೇಕು. 9ಕ್ಕೆ ಮಹಜರು ಮುಗಿದಿದೆ, ಎಫ್‌ಐಆರ್ ಆದದ್ದು 11ಕ್ಕೆ, ಆದರೆ ಮಹಜರಿನ ತಲೆಬರಹದಲ್ಲಿ ಎಫ್‌ಐಆರ್ ಆದ ಮೇಲಷ್ಟೇ ಸಿಗುವ ಗುನ್ನೆ ನಂಬರ್ ಇದೆ ಅಂದರೆ ಅದನ್ನು ಯಾವಾಗ ಬರೆದದ್ದು ಅಂತ ಕೋರ್ಟು ಕೇಳಿಯೇ ಕೇಳುತ್ತದೆ.

"ಕಳ್ಳತನ ಆಗಿದೆ, ಬೇಗ ಬನ್ನಿ" ಅನ್ನುವಷ್ಟೇ ಕರೆ ಎಫ್‌ಐಆರ್ ಆಗುವುದಿಲ್ಲ. ಸ್ಟೇಷನ್ ಹೌಸ್ ಡೈರಿಯಲ್ಲಿ ಬರೆದು ಹೊರಡಬೇಕು. ಮನೆ ಯಜಮಾನ ಬರಲಿ ಅಂತ ಕಾಯುವುದು ದೊಡ್ಡ ತಪ್ಪು. ಕಣ್ಣಾರೆ ಕಂಡ ಪಕ್ಕದ ಮನೆಯವರೇ ಫಿರ್ಯಾದಿ ಆಗಬಹುದು. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾಯ್ದೆ) 173ರ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಇ-ಮೇಲ್‌ನಂಥ ಮಾರ್ಗದಲ್ಲಿ ಕೊಟ್ಟರೆ 3 ದಿನದೊಳಗೆ ಬಂದು ಸಹಿ ಹಾಕಬೇಕು. ಪ್ರತಿ ಪುಕ್ಕಟೆ. ಠಾಣೆಯವರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಬರಹದಲ್ಲಿ, ಅಲ್ಲೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರಿಗೆ.

ಇನ್ನು ಒಡವೆಗಳ ಪಟ್ಟಿ. ಫಿರ್ಯಾದಿಗೆ ಗೊತ್ತಿಲ್ಲದ್ದನ್ನು ಅಂದಾಜಿನಲ್ಲಿ ಬರೆಸಬೇಡಿ. "ಬೀರು ತೆರೆದಿದೆ, ಬಟ್ಟೆಬರೆ ನೆಲಕ್ಕೆ ಬಿದ್ದಿವೆ, ಏನು ಹೋಗಿದೆ ಎಂದು ಮನೆಯವರು ಬಂದು ಹೇಳಬೇಕು" ಎಂದಷ್ಟೇ ಸಾಕು. ಮನೆಯವರು ಬಂದ ದಿನವೇ ಪುರವಣಿ ಹೇಳಿಕೆ ತೆಗೆಯಿರಿ. ಒಂದೊಂದು ಒಡವೆಯ ಗ್ರಾಂ ತೂಕ, ಕೆಲಸದ ಬಗೆ, ಕಲ್ಲಿನ ಬಣ್ಣ, ಬೆಸುಗೆ ಹಾಕಿಸಿದ ಜಾಗ ಬರೆಯಿರಿ. ಬಿಲ್ ಕಳೆದುಹೋಗಿದ್ದರೆ ಅದೇ ಸರ ಹಾಕಿಕೊಂಡಿರುವ ಮದುವೆ ಫೋಟೋ ಕೇಳಿ. ಆಮೇಲೆ ಗಿರವಿ ಅಂಗಡಿಯಲ್ಲಿ ಮಾಲು ಸಿಕ್ಕಾಗ "ಇದು ನಮ್ಮದೇ" ಅನ್ನುವುದಕ್ಕೆ ಆಧಾರ ಅದೇ. ಕರಗಿಸಿದ ಗಟ್ಟಿ ಸಿಕ್ಕರೆ ಗುರುತು ಹಿಡಿಯುವ ಮಾತೇ ಇಲ್ಲ.

ಲ್ಯಾಬ್_ಮೇಜು

ಇದಕ್ಕೆ ಬಿಎನ್‌ಎಸ್ (ಹಳೆಯ ಐಪಿಸಿ ಜಾಗಕ್ಕೆ ಬಂದ ಕಾಯ್ದೆ) 331(4) ಮತ್ತು 305 ಹಾಕುತ್ತಾರೆ. ಕಳವಿಗಾಗಿ ರಾತ್ರಿ ಕನ್ನ ಹಾಕಿದರೆ 14 ವರ್ಷದ ತನಕ ಶಿಕ್ಷೆ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅನ್ನುವ ಬಿಎನ್‌ಎಸ್‌ಎಸ್ 176(3) ಕೊಲೆಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಕನ್ನ ಕಳವೂ ಅದರ ಅಳತೆಯೊಳಗೆ ಬರುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ತನಕ ಅವಕಾಶ ಇದೆ ಅನ್ನುವುದು ಬೇರೆ ಮಾತು. ತಜ್ಞರು ಬರುವ ತನಕ ಸ್ಥಳ ಕಾಯುವ ಕೆಲಸವಂತೂ ಠಾಣೆಯದೇ.

ಕಾಯುವುದು ಅಂದರೆ ಬಾಗಿಲಲ್ಲಿ ನಿಲ್ಲುವುದಷ್ಟೇ ಅಲ್ಲ. ಒಳಗೆ ಹೋಗಿ ಬರಲು ಒಂದೇ ದಾರಿ ಗೊತ್ತು ಮಾಡಿ. ಕಳ್ಳ ಬಂದ ಹಿಂಬಾಗಿಲು ಆ ದಾರಿ ಆಗಬಾರದು. ಒಳಗೆ ಹೋದವರ ಹೆಸರು, ಹೊತ್ತು ಬರೆದಿಡಿ. ಮನೆಯವರು ಬಂದ ಕೂಡಲೇ ಬಟ್ಟೆ ಎತ್ತಿಡಲು, ನೆಲ ಒರೆಸಲು ಹೋಗುತ್ತಾರೆ, ಅದನ್ನು ತಡೆಯಿರಿ.

ಕ್ರಮ ಹೀಗೆ: ಮೊದಲು ಏನನ್ನೂ ಮುಟ್ಟದೆ ಫೋಟೋ. ಕೋಣೆಯ ನಾಲ್ಕು ಮೂಲೆಯಿಂದ ಇಡೀ ನೋಟ, ಆಮೇಲೆ ಬೀರು ಮತ್ತು ಕಿಟಕಿ ಒಂದಕ್ಕೊಂದು ಎಷ್ಟು ದೂರ ಅಂತ ತಿಳಿಯುವ ನಡು ನೋಟ, ಕೊನೆಗೆ ಒಂದೊಂದು ಗುರುತಿನ ಹತ್ತಿರದ ನೋಟ. ಹತ್ತಿರದ್ದನ್ನು ಸ್ಕೇಲ್ ಇಡದೆ ಒಂದು, ಇಟ್ಟು ಒಂದು ತೆಗೆಯಿರಿ. ಕ್ಯಾಮೆರಾ ಗುರುತಿಗೆ ನೇರ ಲಂಬವಾಗಿರಬೇಕು, ಓರೆಯಾದರೆ ಅಳತೆ ಕೆಡುತ್ತದೆ. ಟೈಲ್ಸ್ ಮೇಲಿನ ಚಪ್ಪಲಿ ಗುರುತು ಮೇಲಿನ ದೀಪಕ್ಕೆ ಕಾಣುವುದಿಲ್ಲ. ಕಿಟಕಿ ಮುಚ್ಚಿ, ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಹಿಡಿದರೆ ದೂಳಿನಲ್ಲಿ ಎದ್ದು ಕಾಣುತ್ತದೆ.

ನಂತರ ಕಿಟಕಿ ಗಾಜು. ಒಡೆದ ಚೂರಿನಲ್ಲಿ ರಕ್ತದ ಕಲೆ ಇದ್ದರೆ ಆ ಚೂರನ್ನೇ ಎತ್ತಿ. ಎತ್ತಲಾಗದ ಚೌಕಟ್ಟಿನ ಮೇಲಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ತುಸು ನೆನೆಸಿದ ಸ್ವಾಬ್‌ನಿಂದ ಒರೆಸಿ, ನೆರಳಲ್ಲಿ ಆರಿಸಿ, ಕಾಗದದ ಕವರಿಗೆ ಹಾಕಿ. ಪಕ್ಕದ ಕಲೆಯಿಲ್ಲದ ಜಾಗದಿಂದಲೂ ಒಂದು ಸ್ವಾಬ್ ಬೇಕು. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಒಂದು ವಸ್ತುವಿಗೆ ಒಂದೇ ಕವರ್.

ಬೆರಳಚ್ಚಿಗೆ ಬೀರುವಿನ ಹಿಡಿಯಷ್ಟೇ ನೋಡಿ ಬಿಡಬೇಡಿ. ಲಾಕರ್ ಬಾಗಿಲ ಒಳಮೈ, ಕನ್ನಡಿ, ಎಸೆದ ಒಡವೆ ಡಬ್ಬಿ, ಫ್ರಿಜ್‌ನಿಂದ ತೆಗೆದು ಕುಡಿದ ಬಾಟಲಿ ಎಲ್ಲವೂ ಇವೆ. ತಿಳಿ ಮೇಲ್ಮೈಗೆ ಕಪ್ಪು ಪುಡಿ, ಗಾಢ ಬಣ್ಣಕ್ಕೆ ಬೂದು ಅಥವಾ ಬಿಳಿ. ಇಬ್ಬನಿ ಬಿದ್ದು ಒದ್ದೆಯಾದ ಗಾಜಿಗೆ ಪುಡಿ ಹಾಕಿದರೆ ಕೆಸರಾಗುತ್ತದೆ, ತಾನಾಗಿಯೇ ಆರಲಿ. ಹೆಚ್ಚಾದ ಪುಡಿಯನ್ನು ಬಾಯಿಂದ ಊದಬೇಡಿ. ಮನೆಯವರ ಬೆರಳಚ್ಚನ್ನೂ ತೆಗೆದುಕೊಳ್ಳಿ, ಇಲ್ಲದಿದ್ದರೆ ಸಿಕ್ಕಿದ್ದರಲ್ಲಿ ಯಾವುದು ಹೊರಗಿನವರದು ಅಂತ ಬೇರೆ ಮಾಡುವುದು ಹೇಗೆ?

ಕಡೂರು_ಓದುಗ

ಮೇಡಂ, ಬಾಗಿಲು ಮೀಟಿದ ಗುರುತು? ಆರೋಪಿ ಹತ್ತಿರ ರಾಡು ಸಿಕ್ಕರೆ ಅದೇ ರಾಡು ಅಂತ ಹೇಗೆ ಗೊತ್ತಾಗುತ್ತದೆ?

ಲ್ಯಾಬ್_ಮೇಜು

ರಾಡಿನ ತುದಿಯನ್ನು ಬಾಗಿಲ ಗುರುತಿಗೆ ಇಟ್ಟು "ಸರಿ ಕೂರುತ್ತದಾ" ಅಂತ ನೋಡುವುದೊಂದನ್ನು ಮಾತ್ರ ಯಾವತ್ತೂ ಮಾಡಬಾರದು. ಗುರುತೂ ಕೆಟ್ಟಿತು, ಬಾಗಿಲ ಬಣ್ಣ ರಾಡಿಗೆ ಹತ್ತಿತು. ಆಮೇಲೆ ರಾಡಿನ ಮೇಲೆ ಅದೇ ಬಣ್ಣ ಸಿಕ್ಕರೂ ಬೆಲೆ ಇಲ್ಲ. ಸಾಧ್ಯವಿದ್ದರೆ ಗುರುತಿರುವ ಮರದ ತುಂಡನ್ನೇ ಅಥವಾ ಚಿಲಕವನ್ನೇ ಬಿಚ್ಚಿ ಕಳಿಸಿ, ಜೊತೆಗೆ ಬಾಗಿಲ ಬಣ್ಣದ ಮಾದರಿ. ರಾಡು ಸಿಕ್ಕ ಮೇಲೆ ತುದಿಗೆ ಕಾಗದ ಸುತ್ತಿ ಬೇರೆ ಪೊಟ್ಟಣ. ಅದನ್ನು ಬಳಸಿ ಪರೀಕ್ಷಾ ಗುರುತು ತೆಗೆದು ಸೂಕ್ಷ್ಮದರ್ಶಕದಲ್ಲಿ ಗೀರುಗಳನ್ನು ಹೋಲಿಸುವುದು ನಮ್ಮ ಕೆಲಸ.

ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಬರೆಯುವ ಪತ್ರದ ಬಗ್ಗೆಯೂ ಒಂದು ಮಾತು. "ಪರೀಕ್ಷಿಸಿ ವರದಿ ನೀಡಲು ಕೋರಿದೆ" ಅಂತ ಬರೆದರೆ ಏನು ಪರೀಕ್ಷಿಸಬೇಕು? "ಕ್ರಮ ಸಂಖ್ಯೆ 3ರ ಗಾಜಿನ ಮೇಲಿರುವುದು ಮನುಷ್ಯರ ರಕ್ತವೇ, ಅದರ ಡಿಎನ್‌ಎ ಆರೋಪಿ 1ರ ರಕ್ತದ ಮಾದರಿಯೊಂದಿಗೆ ಹೊಂದುತ್ತದೆಯೇ" ಅಂತ ಕೇಳಿ. ಮಾದರಿ ಮೊಹರನ್ನು ಪತ್ರದ ಜೊತೆ ಬೇರೆಯಾಗಿ ಲಗತ್ತಿಸಿ. ಪೊಟ್ಟಣದ ಅರಗಿನ ಮೇಲಿನ ಮೊಹರು ಅದಕ್ಕೆ ತಾಳೆಯಾಗದಿದ್ದರೆ ಮಾಲು ವಾಪಸ್ ಬರುತ್ತದೆ.

ಧಾರವಾಡ_ಕಪ್ಪುಕೋಟು

ಲ್ಯಾಬಿನವರು ಹೇಳಿದ್ದೆಲ್ಲಾ ಖರೇ. ಆದ್ರ ನಾವು ಪಾಟೀ ಸವಾಲಿನ್ಯಾಗ ಲ್ಯಾಬ್ ವರದಿ ಮುಟ್ಟೂದ ಕಡಿಮಿ. ಅದು ಲ್ಯಾಬ್ ಮುಟ್ಟೂಕಿಂತ ಮೊದಲ ಎಲ್ಲಿತ್ತು ಅಂತ ಕೇಳ್ತೀವಿ. 4ನೇ ತಾರೀಖ ಜಪ್ತಿ, 19ನೇ ತಾರೀಖ ಎಫ್‌ಎಸ್‌ಎಲ್. ನಡುವಿನ 15 ದಿನ ಮಾಲು ಯಾರ ತಾಬೇದಾಗ ಇತ್ತು? ಪಿ.ಎಫ್. ನಂಬರ್ (ಜಪ್ತಿ ಮಾಲಿನ ಪ್ರಾಪರ್ಟಿ ಫಾರಂ ನಂಬರ್) ಯಾವಾಗ ಬಿತ್ತು? ಜಪ್ತಿ ಮಾಲು ಇಡೂ ಮುದ್ದೆಮಾಲು ರೂಮಿನ ರಿಜಿಸ್ಟರ್‌ನ್ಯಾಗ ಹೊರಗ ಹೋದ ನಮೂದು ಐತೇನು? ಒಯ್ದ ಕಾನ್‌ಸ್ಟೇಬಲ್ ಹೇಳಿಕಿ ತಗೊಂಡೀರೇನು? ಈ ಕಡೀ ಪ್ರಶ್ನೆಗೆ ಭಾಳ ಕೇಸಿನ್ಯಾಗ ಉತ್ತರ ಇರಂಗಿಲ್ಲ.

ಮಹಜರಿನ ವಿಷಯಕ್ಕ ಬರೂಣ. ಎರಡು ನಮೂನಿ ನೋಡ್ರಿ.

ಮೊದಲನೇದು: "ಸ್ಥಳವು ಫಿರ್ಯಾದಿಯ ಮನೆಯಾಗಿದ್ದು, ಕಳ್ಳರು ಹಿಂಬಾಗಿಲನ್ನು ರಾಡಿನಿಂದ ಮುರಿದು ಒಳನುಗ್ಗಿ ಬೀರುವಿನಲ್ಲಿದ್ದ ಆಭರಣ ಕಳವು ಮಾಡಿರುತ್ತಾರೆ."

ಎರಡನೇದು: "ಚೆಕ್ಕುಬಂದಿ: ಪೂರ್ವಕ್ಕೆ 20 ಅಡಿ ರಸ್ತೆ, ಪಶ್ಚಿಮಕ್ಕೆ ಖಾಲಿ ನಿವೇಶನ, ಉತ್ತರಕ್ಕೆ ವಾಸದ ಮನೆ, ದಕ್ಷಿಣಕ್ಕೆ ಕಾಂಪೌಂಡ್ ಗೋಡೆ. ಪಶ್ಚಿಮದ ಹಿಂಬಾಗಿಲು ಒಂದೇ ರೆಕ್ಕೆಯ ಮರದ ಬಾಗಿಲು. ನೆಲದಿಂದ 3 ಅಡಿ 4 ಅಂಗುಲ ಎತ್ತರದಲ್ಲಿ ಒಳಚಿಲಕದ ಕೊಂಡಿ ಮೂರು ಸ್ಕ್ರೂ ಸಮೇತ ಕಿತ್ತು ಒಳಗಡೆ ಬಿದ್ದಿದೆ. ಚೌಕಟ್ಟಿನ ಹೊರ ಅಂಚಿನಲ್ಲಿ ಸುಮಾರು ಮುಕ್ಕಾಲು ಅಂಗುಲ ಅಗಲದ ಎರಡು ಒತ್ತುಗುರುತು ಇವೆ."

ಮೊದಲನೇದರಾಗ ರಾಡು ಯಾರ ಕಂಡಿದ್ರು? ಕಳ್ಳರು ಒಬ್ಬರೋ ಇಬ್ಬರೋ ಪಂಚರಿಗೆ ಹೆಂಗ ಗೊತ್ತು? ಪಂಚರು ಕಂಡದ್ದನ್ನ ಬರೀಬೇಕ್ರಿ, ತನಿಖಾಧಿಕಾರಿ ಊಹೆ ಅಲ್ಲ. ಎರಡನೇದನ್ನ ಒಡಿಯೂದು ವಕೀಲರಿಗೆ ತ್ರಾಸ. ಆ ಅಳತಿ ಠಾಣೆದಾಗ ಕುಂತು ಬರಿಯಾಕ ಬರಂಗಿಲ್ಲ.

ಮಲ್ಪೆ_ಗಾಳಿ

ವಕೀಲರೇ, ಒಪ್ಪಿದೆ. ಆದರೆ ಬೆಳಿಗ್ಗೆ ಎಂಟಕ್ಕೆ ಕೂಲಿ ಬಿಟ್ಟು ಪಂಚನಾಗಿ ನಿಲ್ಲುವವರು ಯಾರು? ಆಮೇಲೆ ವರ್ಷಗಟ್ಟಲೆ ಸಮನ್ಸ್. ಠಾಣೆಯವರು ಗೊತ್ತಿರುವವರನ್ನೇ ಕರೆಯುವುದಕ್ಕೆ ಇದೇ ಕಾರಣ.

ಧಾರವಾಡ_ಕಪ್ಪುಕೋಟು

ಕಾರಣ ತಿಳೀತೈತಿ. ಆದ್ರ ಅದೇ ಪಂಚ ಆ ಠಾಣೆಯ ಇನ್ನೂ ನಾಕು ಕೇಸಿನ್ಯಾಗ ಸಾಕ್ಷಿ ಅಂತ ನಾವು ದಾಖಲಿ ಹಾಜರ್ ಮಾಡಿದ್ರ ಮುಗೀತು. ಅಥವಾ ಅಂವಾ ಕಟಕಟಿಗೆ ಬಂದು "ಠಾಣೆದಾಗ ಸಹಿ ಮಾಡಿಸ್ಕೊಂಡ್ರು" ಅಂತಾನ, ಪ್ರತಿಕೂಲ ಸಾಕ್ಷಿ ಆಗ್ತಾನ.

ಠಾಣೆ_ಬರಹ

ಈಗ ಬಿಎನ್‌ಎಸ್‌ಎಸ್ 105ನೇ ಕಲಂ ಇರುವುದೇ ಅದಕ್ಕೆ. ಶೋಧ, ಜಪ್ತಿ, ಪಟ್ಟಿ ತಯಾರಿಸುವುದು, ಪಂಚರು ಸಹಿ ಹಾಕುವುದು, ಎಲ್ಲವೂ ಮೊಬೈಲ್‌ನಲ್ಲಿ ಚಿತ್ರೀಕರಣ ಆಗಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಇ-ಸಾಕ್ಷ್ಯ ಆ್ಯಪ್ ಬಂದಿರುವುದು ಈ ಕೆಲಸಕ್ಕೇ. ಹೊಸಬರು ಮಾಡುವ ಎಡವಟ್ಟು ಒಂದೇ ಬಗೆಯದು: ಮಾಲು ಸಿಕ್ಕ ಮೇಲೆ ರೆಕಾರ್ಡ್ ಶುರು ಮಾಡುತ್ತಾರೆ. ಹೊರಗೆ ನಿಂತು ದಿನಾಂಕ, ಹೊತ್ತು, ಹಾಜರಿರುವವರ ಹೆಸರು ಹೇಳಿಯೇ ಶುರು ಮಾಡಬೇಕು. ನಡುವೆ ನಿಲ್ಲಿಸಿದರೆ ಏಕೆ ನಿಲ್ಲಿಸಿದಿರಿ ಅಂತ ಮಹಜರಿನಲ್ಲಿ ಬರೆಯಬೇಕು. ಬ್ಯಾಟರಿ ಮುಗಿದಿದ್ದರೆ ಅದನ್ನೇ ಬರೆಯಿರಿ, ಮುಚ್ಚಿಟ್ಟರೆ ಅದೇ ದೊಡ್ಡ ಪ್ರಶ್ನೆಯಾಗುತ್ತದೆ.

ಸಾಕ್ಷಿ ಹೇಳಿಕೆಗೆ ಬಂದರೆ: 180ರ ಹೇಳಿಕೆಗೆ ಸಹಿ ಹಾಕಿಸಬಾರದು, 181 ಸ್ಪಷ್ಟವಾಗಿದೆ. ಐದು ಜನರ ಹೇಳಿಕೆಯಲ್ಲಿ ಅದೇ ವಾಕ್ಯ, ಅದೇ ಕಾಗುಣಿತ ತಪ್ಪು ಬಂದರೆ ಕಾಪಿ ಮಾಡಿದ್ದು ಯಾರಿಗೂ ಗೊತ್ತಾಗುತ್ತದೆ. "ರಾತ್ರಿ 2ಕ್ಕೆ ಒಬ್ಬ ಬ್ಯಾಗ್ ಹಿಡಿದು ಓಡಿದ" ಅಂತ ಎದುರು ಮನೆಯವರು ಹೇಳಿದರೆ ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ, ಎಷ್ಟು ಹೊತ್ತು ಕಂಡಿರಿ, ಮುಖವೋ ಬೆನ್ನೋ ಅಂತ ಕೇಳಿ ಬರೆಯಿರಿ. ಬೀದಿದೀಪ ಇತ್ತು ಅಂದರೆ ಆ ರಾತ್ರಿ ಕರೆಂಟ್ ಇತ್ತೇ ಅಂತ ಹೆಸ್ಕಾಂ ಅಥವಾ ಬೆಸ್ಕಾಂ ಶಾಖಾ ಕಚೇರಿಯಿಂದ ಪತ್ರ ತರಿಸಿ. ಇಂಥ ಒಂದು ಪುಟದ ಕಾಗದ ಹತ್ತು ಹೇಳಿಕೆಗಿಂತ ಗಟ್ಟಿ.

ಟವರ್_ಲೆಕ್ಕ

ಸಿಸಿಟಿವಿಗೆ ಮೊದಲ ದಿನವೇ ಹೊರಡಿ. ಡಿವಿಆರ್‌ಗಳಲ್ಲಿ (ದೃಶ್ಯ ಉಳಿಸಿಡುವ ಪೆಟ್ಟಿಗೆ) ಹಳೆಯದರ ಮೇಲೆ ಹೊಸದು ಕೂರುತ್ತದೆ. ಎಷ್ಟು ದಿನಕ್ಕೆ ಅನ್ನುವುದು ಹಾರ್ಡ್ ಡಿಸ್ಕ್ ಗಾತ್ರ ಮತ್ತು ಕ್ಯಾಮೆರಾ ಸಂಖ್ಯೆಯ ಮೇಲೆ. ಸಣ್ಣ ಅಂಗಡಿಯದು ವಾರಕ್ಕೇ ಅಳಿಸಿಹೋಗಬಹುದು.

ಕೆಲಸ ಮಾಡುವ ಬಗೆ ಹೇಳುತ್ತೇನೆ. ಡಿವಿಆರ್ ಪರದೆಯ ಗಡಿಯಾರ ಮತ್ತು ನೆಟ್‌ವರ್ಕ್ ಸಮಯ ತೋರಿಸುವ ಫೋನ್ ಎರಡೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯಿರಿ. ಫೋನ್‌ನಲ್ಲಿ 10:31, ಡಿವಿಆರ್‌ನಲ್ಲಿ 10:14 ಇದ್ದರೆ ಅದು 17 ನಿಮಿಷ ಹಿಂದಿದೆ. ಹಾಗಾದರೆ ದೃಶ್ಯದಲ್ಲಿ 01:50ಕ್ಕೆ ಕಂಡವನು ನಿಜಕ್ಕೂ ಹೋದದ್ದು 02:07ಕ್ಕೆ. ಈ ವ್ಯತ್ಯಾಸವನ್ನು ಮಹಜರಿನಲ್ಲಿ ಬರೆಯದಿದ್ದರೆ ಮೂರು ಅಂಗಡಿಯ ಮೂರು ಗಡಿಯಾರದಲ್ಲಿ ಆರೋಪಿ ಹಿಂದಕ್ಕೆ ನಡೆದಂತೆ ಕಾಣುತ್ತಾನೆ, ಬೇಲ್ ಅರ್ಜಿಯಲ್ಲೇ ವಕೀಲರು ಅದನ್ನು ಎತ್ತಿ ತೋರಿಸುತ್ತಾರೆ.

ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ತರುವುದು ತುರ್ತಿಗೆ ಸರಿ, ಸಾಕ್ಷ್ಯಕ್ಕೆ ಅಲ್ಲ. ಡಿವಿಆರ್‌ನ ಮೂಲ ಫಾರ್ಮ್ಯಾಟ್‌ನಲ್ಲೇ ಹೊಸ ಪೆನ್‌ಡ್ರೈವ್‌ಗೆ ತೆಗೆದು, ಅಲ್ಲೇ ಹ್ಯಾಶ್ ಮೌಲ್ಯ (ಫೈಲ್ ತುಸು ಬದಲಾದರೂ ಬದಲಾಗುವ ಅದರ ಗುರುತು ಸಂಖ್ಯೆ) ತೆಗೆಯಬೇಕು. ಬಿಎಸ್‌ಎ (ಹೊಸ ಸಾಕ್ಷ್ಯ ಕಾಯ್ದೆ) 63(4)ರ ಪ್ರಮಾಣಪತ್ರದಲ್ಲಿ ಎರಡು ಭಾಗ. ಭಾಗ ಎ ಉಪಕರಣ ನೋಡಿಕೊಳ್ಳುವವರದು, ಭಾಗ ಬಿ ತಜ್ಞರದು. ಹ್ಯಾಶ್ ಮತ್ತು ಅದರ ವಿಧಾನ, ಉದಾಹರಣೆಗೆ ಎಸ್‌ಎಚ್‌ಎ-256, ನಮೂದಿಸಲೇಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನು ಹೆಸರು ಬದಲಿಸಿ ಕೊಡುವುದು ಈಗಲೂ ನಡೆದಿದೆ, ಅದರಲ್ಲಿ ಹ್ಯಾಶ್‌ಗೆ ಜಾಗವೇ ಇಲ್ಲ. ಪ್ರಮಾಣಪತ್ರ ಕಡ್ಡಾಯ ಅನ್ನುವುದನ್ನು 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಹಳೆಯ ಕಾಯ್ದೆಯಡಿಯೇ ಗಟ್ಟಿ ಮಾಡಿದೆ.

ಸಿಡಿಆರ್ (ಫೋನ್ ಕರೆಗಳ ದಾಖಲೆ) ಎಸ್‌ಪಿ ಕಚೇರಿ ಮೂಲಕ ಕೇಳಬೇಕು. ಟವರ್ ಲೊಕೇಶನ್ ಬಗ್ಗೆ ಅತಿ ನಂಬಿಕೆ ಬೇಡ. ಫೋನ್ ಆ ಟವರಿನ ವ್ಯಾಪ್ತಿಯಲ್ಲಿತ್ತು ಅಂತ ಮಾತ್ರ ಅದು ಹೇಳುತ್ತದೆ. ಪೇಟೆಯಲ್ಲಿ ಆ ವ್ಯಾಪ್ತಿ ಕೆಲವು ನೂರು ಮೀಟರ್, ಹಳ್ಳಿಯಲ್ಲಿ ಕಿಲೋಮೀಟರುಗಟ್ಟಲೆ. "ಆರೋಪಿ ಆ ಮನೆಯಲ್ಲಿದ್ದ" ಅಂತ ಅದರಿಂದ ಬರೆಯಲಾಗದು.

ಕಡೂರು_ಓದುಗ

ಆರೋಪಿ ಸಿಕ್ಕ ಅಂದುಕೊಳ್ಳಿ. "ನಾನೇ ಕದ್ದೆ, ಒಡವೆ ಇಂಥಲ್ಲಿದೆ" ಅಂದ. ಅದು ತಪ್ಪೊಪ್ಪಿಗೆ ಅಲ್ಲವೇ?

ಧಾರವಾಡ_ಕಪ್ಪುಕೋಟು

ಪೊಲೀಸರ ಮುಂದ ಒಪ್ಪಿದ್ದು ಸಾಕ್ಷ್ಯ ಅಲ್ಲ. ಬಿಎಸ್‌ಎ 23, ಮೊದಲಿನ ಸಾಕ್ಷ್ಯ ಕಾಯ್ದೆಯ 25, 26, 27 ಮೂರೂ ಈಗ ಅದರಾಗ ಅದಾವ. ಅದರ ಪರಂತುಕದ (ಕಲಂನಾಗ ಇರೂ ವಿನಾಯಿತಿ) ಪ್ರಕಾರ, ಆ ಮಾಹಿತಿಯಿಂದ ಏನಾರ ಪತ್ತೆ ಆದ್ರ, ಆ ಪತ್ತೆಗೆ ನೇರ ಸಂಬಂಧ ಇರೂವಷ್ಟು ಮಾತು ಮಾತ್ರ ಒಳಗ ಬರ್ತಾವ. "ಕದ್ದ ಸರವನ್ನು ಹಿತ್ತಲಿನ ಕಲ್ಲಿನ ಕೆಳಗೆ ಇಟ್ಟಿದ್ದೇನೆ, ತೋರಿಸುತ್ತೇನೆ" ಅಂದ್ರ "ಕಲ್ಲಿನ ಕೆಳಗೆ ಇಟ್ಟಿದ್ದೇನೆ, ತೋರಿಸುತ್ತೇನೆ" ಅಷ್ಟ. "ಕದ್ದ" ಹೊರಗ. 1947ರ ಪ್ರಿವಿ ಕೌನ್ಸಿಲ್‌ನ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದ ಇವತ್ತಿಗೂ ಇದ ಲೆಕ್ಕ.

ಎಡವೂದು ಕ್ರಮದಾಗ. ಪಂಚರನ್ನ ಮೊದಲ ಕರೀಬೇಕು, ಅವರ ಮುಂದ ಆರೋಪಿ ತನ್ನ ಬಾಯಿಂದ ಹೇಳಬೇಕು, ಅವನ ಮಾತಿನಾಗ ಬರೀಬೇಕು, ಆಮ್ಯಾಲೆ ಹೊರಡಬೇಕು, ಅಂವಾ ಮುಂದ, ಉಳಿದವರು ಹಿಂದ. ಮೊದಲ ಠಾಣೆದಾಗ ಹೇಳಿಕಿ ತಗೊಂಡು, ಜಾಗಕ್ಕ ಹೋದ ಮ್ಯಾಲೆ ಪಂಚರನ್ನ ಕರದ್ರ ಅದು ಪತ್ತೆ ಅಲ್ಲ. 2022ರ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನ್ಯಾಗ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳೇತಿ. ತನಿಖಾಧಿಕಾರಿ ಸಾಕ್ಷಿ ನುಡಿಯುವಾಗ ಆರೋಪಿ ಆಡಿದ ಮಾತನ್ನೂ ಹೇಳಬೇಕು, "ಸ್ವಇಚ್ಛಾ ಹೇಳಿಕೆ ನೀಡಿದ" ಅಂದ್ರ ಸಾಲಂಗಿಲ್ಲ.

ಮಲ್ಪೆ_ಗಾಳಿ

ನಾರ್ಕೋ ಟೆಸ್ಟ್ ಮಾಡಿಸಿದರೆ?

ಧಾರವಾಡ_ಕಪ್ಪುಕೋಟು

ಅವನ ಒಪ್ಪಿಗಿ ಇಲ್ಲದ ಆಗಂಗಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ನಾರ್ಕೋ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಮೂರಕ್ಕೂ ಅದ ತೀರ್ಪು.

ಠಾಣೆ_ಬರಹ

ಬಂಧನದ ಕಾಗದಗಳು: ಬಂಧನ ಮೆಮೊ, ಅದಕ್ಕೆ ಮನೆಯವರು ಅಥವಾ ಆ ಪ್ರದೇಶದ ಒಬ್ಬರ ಸಹಿ, ಕುಟುಂಬಕ್ಕೆ ತಿಳಿಸಿದ ದಾಖಲೆ, ವೈದ್ಯಕೀಯ ತಪಾಸಣೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಬಂಧನದ ಕಾರಣಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಿ. 2023ರ ಪಂಕಜ್ ಬನ್ಸಲ್ ತೀರ್ಪಿನ ನಂತರ ಕೋರ್ಟುಗಳು ಇದರಲ್ಲಿ ಬಿಗಿ. ಎದುರು ಮನೆಯ ಸಾಕ್ಷಿಯಿಂದ ಗುರುತು ಪರೇಡ್ (ಹಲವರ ನಡುವೆ ಆರೋಪಿಯನ್ನು ಗುರುತಿಸುವುದು) ಮಾಡಿಸುವುದಿದ್ದರೆ ಬಂಧಿಸಿದ ಕ್ಷಣದಿಂದ ಮುಖ ಮುಚ್ಚಿರಬೇಕು. ಮಾಲು ಮುಂದಿಟ್ಟು, ಆರೋಪಿಯನ್ನು ನಿಲ್ಲಿಸಿ ಫೋಟೋ ತೆಗೆಸಿ ಪತ್ರಿಕೆಗೆ ಕೊಟ್ಟ ಮೇಲೆ ಪರೇಡ್ ಮಾಡಿಸಿ ಪ್ರಯೋಜನವಿಲ್ಲ. ಪರೇಡ್ ಜಾಗದಲ್ಲಿ ತನಿಖಾಧಿಕಾರಿ ಇರಲೂಬಾರದು.

ದಿನದ ಲೆಕ್ಕ, ಅಂದರೆ ಆರೋಪಿ ಕಸ್ಟಡಿಯಲ್ಲಿರುವಾಗ ಚಾರ್ಜ್‌ಶೀಟ್ ಹಾಕಬೇಕಾದ ಗಡುವು: ಮೊದಲ ರಿಮಾಂಡ್ ದಿನವೂ ಎಣಿಕೆಗೆ ಬರುತ್ತದೆ. 331(4)ರಲ್ಲಿ ಗರಿಷ್ಠ 14 ವರ್ಷ ಇದೆಯಲ್ಲ, ಹಾಗಾಗಿ 90 ದಿನ ಸಿಗುತ್ತದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಹಳೆಯ ಸಿಆರ್‌ಪಿಸಿ 167ರ ಮೇಲೆ 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಕನಿಷ್ಠ ಶಿಕ್ಷೆ 10 ವರ್ಷ ಇದ್ದರೆ ಮಾತ್ರ 90 ಅಂದಿತ್ತು. ಬಿಎನ್‌ಎಸ್‌ಎಸ್ 187(3)ರ ಪದಗಳು ಸ್ವಲ್ಪ ಬೇರೆ, ವಾದ ಇದೆ. ವಾದ ಗೆಲ್ಲುವುದಕ್ಕಿಂತ 60ನೇ ದಿನದೊಳಗೆ ಚಾರ್ಜ್‌ಶೀಟ್ ಹಾಕುವುದು ಮೇಲು. ಎಫ್‌ಎಸ್‌ಎಲ್ ವರದಿ ಬಂದಿಲ್ಲ ಅಂತ ನಿಲ್ಲಿಸಬೇಡಿ, ಬಂದ ಮೇಲೆ ಹೆಚ್ಚುವರಿಯಾಗಿ ಸಲ್ಲಿಸಬಹುದು.

ಕೇಸ್ ಡೈರಿಯನ್ನು ಕೊನೆಗೆ ಒಟ್ಟಿಗೆ ಬರೆಯುವ ಚಾಳಿ ಬಿಡಿ. 192ರ ಪ್ರಕಾರ ದಿನದ್ದು ದಿನವೇ, ಪುಟ ಸಂಖ್ಯೆ ಸಮೇತ.

ಕಡೂರು_ಓದುಗ

ಮತ್ತೆ ಯಾರೂ ಸಿಗಲೇ ಇಲ್ಲ ಅಂದರೆ? ಕನ್ನ ಕಳವುಗಳಲ್ಲಿ ಅದೇ ಹೆಚ್ಚಲ್ಲವೇ?

ಠಾಣೆ_ಬರಹ

ಆಗ 'ಸಿ' ರಿಪೋರ್ಟ್, ಅಂದರೆ ಪತ್ತೆಯಾಗದ ಪ್ರಕರಣ. ಅಪರಾಧವೇ ನಡೆದಿಲ್ಲ, ಸುಳ್ಳು ಅಥವಾ ತಪ್ಪು ತಿಳಿವಳಿಕೆ ಅನ್ನುವುದಕ್ಕೆ 'ಬಿ' ರಿಪೋರ್ಟ್. ಇವೆರಡನ್ನು ಅದಲುಬದಲು ಮಾಡಬೇಡಿ. 'ಬಿ' ಹಾಕಿದರೆ ಫಿರ್ಯಾದಿಗೆ ತಿಳಿಸಬೇಕು, ಅವರು ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಅರ್ಜಿ ಹಾಕಬಹುದು. 'ಸಿ' ಆದ ಮೇಲೂ ಬಿಎನ್‌ಎಸ್‌ಎಸ್ 193(9)ರಲ್ಲಿ ಮುಂದಿನ ತನಿಖೆಗೆ ದಾರಿ ಇದೆ.

ಲ್ಯಾಬ್_ಮೇಜು

ಅದಕ್ಕೇ 'ಸಿ' ಹಾಕುವ ಮುಂಚೆ ಸ್ಥಳದ ಬೆರಳಚ್ಚು ನಾಫಿಸ್‌ಗೆ (ದೇಶಮಟ್ಟದ ಬೆರಳಚ್ಚು ಕಂಪ್ಯೂಟರ್ ವ್ಯವಸ್ಥೆಗೆ) ಏರಿದೆಯೇ ಅಂತ ಬೆರಳುಮುದ್ರೆ ಘಟಕದಲ್ಲಿ ವಿಚಾರಿಸಿ, ಆ ನಮೂದಿನ ಸಂಖ್ಯೆಯನ್ನು ಕಡತದಲ್ಲಿ ಬರೆದಿಡಿ. ಆ ವ್ಯಕ್ತಿ ಮುಂದೆ ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಸಿಕ್ಕಿಬಿದ್ದು ಹತ್ತು ಬೆರಳಿನ ಅಚ್ಚು ಕೊಟ್ಟರೆ ಅಲ್ಲಿಂದಲೇ ತಾಳೆ ಬರಬಹುದು. ಆಗ ಗಾಜಿನ ಚೂರು ಮುದ್ದೆಮಾಲು ರೂಮಿನಲ್ಲಿ ಮೊಹರು ಒಡೆಯದೆ ಇರಬೇಕು, ಅದರ ಪಿ.ಎಫ್. ನಂಬರ್ ಓದುವ ಹಾಗಿರಬೇಕು. ಚೀಟಿಯನ್ನು ಸ್ಕೆಚ್ ಪೆನ್ನಿನಲ್ಲಿ ಬರೆದರೆ ಒಂದು ಮಳೆಗಾಲ ತಡೆಯುವುದಿಲ್ಲ, ಬಾಲ್ ಪೆನ್ನಿನಲ್ಲಿ ಬರೆದು ಮೇಲೆ ಟೇಪ್ ಹಾಕಿ.